ಸೊಸೆ ಹಾಕಿದ ಮದ್ದು

ನಮ್ಮ ಕಡೆ ಮದ್ದು ಎಂಬ ಮಾತಿಗೆ ಎರಡು ಅರ್ಥ. ಕೆಮ್ಮಿಗೆ, ಜ್ವರಕ್ಕೆ ಕೊಡುವುದೂ ಮದ್ದೇ. ಆಗದವರು ಅನ್ನದಲ್ಲಿ ಕಲಸಿ ಹಾಕುತ್ತಾರೆ ಎಂದು ಜನ ನಂಬಿರುವುದೂ ಮದ್ದೇ. ಮೊದಲನೆಯದನ್ನು ಡಾಕ್ಟರು ಕೊಡುತ್ತಾರೆ, ಎರಡನೆಯದನ್ನು ಹಾಕುವ ಹಕ್ಕು ಸೊಸೆಯಂದಿರಿಗೇ ಮೀಸಲು. ಮಗ ಹೆಂಡತಿಯ ಮಾತು ಕೇಳತೊಡಗಿದರೆ ಸೊಸೆ ಮದ್ದು ಹಾಕಿದ್ದಾಳೆ, ಅತ್ತೆ ಊಟ ಬಿಟ್ಟು ಸೊರಗಿದರೂ ಸೊಸೆಯೇ ಹಾಕಿದ್ದಾಳೆ. ನಾನು ಮೊಳಕಾಲ್ಮೂರು ತಾಲ್ಲೂಕಿನ ಕೊಂಡ್ಲಹಳ್ಳಿಯವಳು, ಚಳ್ಳಕೆರೆಗೆ ಸೊಸೆಯಾಗಿ ಬಂದವಳು. ಆಂಧ್ರದ ಗಡಿ ಹತ್ತಿರವಾದಷ್ಟೂ ಜನ ಈ ವಿದ್ಯೆಯಲ್ಲಿ ಗಟ್ಟಿಗರು ಎಂದು ಚಳ್ಳಕೆರೆಯಲ್ಲಿ ನಂಬುವವರಿದ್ದಾರೆ. ಹಾಗಾಗಿ ಮದುವೆಯಾಗಿ ಎಷ್ಟೋ ವರ್ಷಗಳ ಮೇಲೆ ಆ ಹೆಸರು ನನಗೆ ಬಂದಾಗ, ಇಷ್ಟು ತಡವಾಯಿತಲ್ಲ ಎಂದು ಒಬ್ಬಿಬ್ಬರಿಗಾದರೂ ಅನ್ನಿಸಿರಬೇಕು.

ನಮ್ಮದು ಶೇಂಗಾ ಎಣ್ಣೆಯ ಮಿಲ್ಲು, ಮನೆಗೆ ಅಂಟಿಕೊಂಡೇ ಇದೆ. ಮಾವ ತೀರಿಕೊಂಡ ಮೇಲೆ ಅದನ್ನು ನಡೆಸಿದವರು ಅತ್ತೆ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಧರಿಸಿ ಅವರು ಮಿಲ್ಲಿಗೆ ಬಂದು ಕೂತರೆ ಮಾಲು ತಂದ ದಲ್ಲಾಳಿಗಳು ಚೀಲ ಬಿಚ್ಚುವ ಮುಂಚೆ ಒಮ್ಮೆ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಬೀಜವನ್ನು ಅಂಗೈಯಲ್ಲಿ ಉಜ್ಜಿ, ಸಿಪ್ಪೆ ಊದಿ, ಒಂದನ್ನು ಬಾಯಿಗೆ ಹಾಕಿಕೊಂಡು ಇದು ಯಾವ ಕಡೆಯ ಮಾಲು, ಎಷ್ಟು ಒಣಗಿದೆ ಎಂದು ಹೇಳಿಬಿಡುತ್ತಿದ್ದರು. ಅವರಿಗೊಂದು ದೊಡ್ಡ ಅಭಿಮಾನವಿತ್ತು. ಮನೆಗೆ ಬಂದವರಿಗೆ ಚಹಾಕ್ಕಿಂತ ಮುಂಚೆ ಅದನ್ನೇ ಕೊಡುತ್ತಿದ್ದರು: "ನಮ್ಮನೇಲಿ ಒಬ್ರಿಗೂ ಒಂದು ಚಟ ಅಂತ ಇಲ್ಲ." ಬೀಡಿ ಸೇದುವ ಲಾರಿ ಡ್ರೈವರು ಗೇಟಿನ ಆಚೆಯೇ ನಿಲ್ಲಬೇಕು. ಗುಟ್ಕಾ ಹಾಕಿದವನು ಬಾಯಿ ತೊಳೆದೇ ಒಳಗೆ ಬರಬೇಕು. ಅವರ ಸೊಂಟದಲ್ಲಿ ಮಾತ್ರ ಯಾವಾಗಲೂ ಒಂದು ಸಂಚಿ ಇರುತ್ತಿತ್ತು, ಅದರಲ್ಲಿ ಎಲೆ, ಅಡಿಕೆ, ಸುಣ್ಣ. ಇದು ಚಟವಲ್ಲವೇ ಎಂದು ಹೊಸದರಲ್ಲಿ ಒಮ್ಮೆ ಕೇಳಿದ್ದೆ. "ಅದು ಊಟಕ್ಕೆ ಸೇರಿದ್ದು" ಎಂದರು. ಅತ್ತೆ ಒಡೆದ ಪಾತ್ರೆಗೆ ಬೆಲೆಯಿಲ್ಲ ಎನ್ನುತ್ತಾರಲ್ಲ, ನಾನೂ ಸುಮ್ಮನಾದೆ.

ಅವರು ಬಿದ್ದದ್ದು ಆ ಮಿಲ್ಲಿನಲ್ಲೇ, ಎಣ್ಣೆ ಚೆಲ್ಲಿದ್ದ ಕಡೆ ಕಾಲಿಟ್ಟು. ಸೊಂಟದ ಮೂಳೆ ಮುರಿಯಿತು. ದಾವಣಗೆರೆಯಲ್ಲಿ ಆಪರೇಷನ್ ಮಾಡಿಸಿ, ರಾಡು ಹಾಕಿಸಿ ಕರೆತಂದೆವು. ಬರುವಾಗ ಬರೆದುಕೊಟ್ಟ ಔಷಧಿಗಳಲ್ಲಿ ಒಂದು ನೋವಿನ ಮಾತ್ರೆ. ಅದರ ಹೆಸರು ಟ್ರಾಮಡಾಲ್ ಎಂದು ನಾನು ತಿಳಿದುಕೊಂಡಿದ್ದು ಬಹಳ ತಡವಾಗಿ. ನೋವು ಬಂದಾಗ ತಗೊಳ್ಳಿ ಎಂದಿದ್ದರು. ಎಲ್ಲಿಯವರೆಗೆ ಎಂದು ಹೇಳಿದ್ದರೋ ಇಲ್ಲವೋ, ನಾವಂತೂ ಕೇಳಿಸಿಕೊಂಡಿರಲಿಲ್ಲ. ಮೂಳೆ ಕೂಡಿದ ಮೇಲೂ ಹಳೇ ಚೀಟಿ ತೋರಿಸಿದರೆ ಅಂಗಡಿಯವರು ಕೊಡುತ್ತಿದ್ದರು. ಕ್ರಮೇಣ ಚೀಟಿಯೂ ಬೇಕಾಗಲಿಲ್ಲ.

ಮೊದಮೊದಲು ಆ ಮಾತ್ರೆಗೆ ಕೈ ಮುಗಿಯಬೇಕು ಅನ್ನಿಸಿತ್ತು. ಮಗ್ಗುಲು ಬದಲಿಸಲಾಗದೆ ಅಳುತ್ತಿದ್ದವರು ಎದ್ದು ಕೂತರು, ವಾಕರ್ ಹಿಡಿದು ನಡೆದರು, ಶೇಂಗಾ ಸುಗ್ಗಿಯ ಹೊತ್ತಿಗೆ ಕೋಲೂರಿಕೊಂಡು ಮಿಲ್ಲಿಗೆ ಹೊರಟರು. ಆಗ ನೋವು ಬಂದಾಗ ನುಂಗುತ್ತಿದ್ದರು. ಆಮೇಲೆ "ನೋವು ಬರೋ ಹಂಗೈತೆ" ಎಂದು ನುಂಗಿದರು. ಬರಬರುತ್ತ ನಿದ್ದೆ ಬಾರದ್ದಕ್ಕೆ, ನೆಂಟರು ಬಂದದ್ದಕ್ಕೆ, ಮೋಡ ಕವಿದದ್ದಕ್ಕೆ, ಎಲ್ಲಕ್ಕೂ ಅದೇ ಮಾತ್ರೆ. ಇದನ್ನೆಲ್ಲ ನಾನು ಜೋಡಿಸಿ ನೋಡಿದ್ದು ಆಮೇಲೆ. ಆ ದಿನಗಳಲ್ಲಿ ನನಗೆ ಕಂಡದ್ದು ಅತ್ತೆ ಸೊರಗುತ್ತಿರುವುದು ಮಾತ್ರ. ಅವರ ತಟ್ಟೆಯ ಮುದ್ದೆ ನಿಂಬೆಹಣ್ಣಿನಷ್ಟಾಯಿತು. ಹೊಟ್ಟೆ ಕಟ್ಟಿಕೊಂಡು ಒದ್ದಾಡುತ್ತಿದ್ದರು. ಕೂತಲ್ಲೇ ತೂಕಡಿಸುತ್ತಿದ್ದರು, ಎಚ್ಚರವಿದ್ದಾಗ ಮೈ ಕೆರೆದುಕೊಳ್ಳುತ್ತ ಎಲ್ಲರ ಮೇಲೂ ಹರಿಹಾಯುತ್ತಿದ್ದರು. ಒಂದು ದಿನ ಮುಗ್ಗಿದ ಶೇಂಗಾವನ್ನು ಬಾಯಿಗೆ ಹಾಕಿಕೊಂಡೂ ಒಳ್ಳೆಯ ಮಾಲೆಂದು ಇಳಿಸಿಕೊಂಡುಬಿಟ್ಟರು. ವಯಸ್ಸಾಯಿತು ಎಂದುಕೊಂಡೆವು.

ಆಗ ಹಿರಿಯೂರಿನಿಂದ ಚಿಕ್ಕತ್ತೆ ಬಂದರು. ಅತ್ತೆಯ ಬೆನ್ನಿಗೆ ಹುಟ್ಟಿದ ತಂಗಿ. ಅಕ್ಕನ ಮುಖ ನೋಡಿದವರೇ ಕೈಚೀಲ ಕೆಳಗಿಡುವ ಮುಂಚೆ ತೀರ್ಪು ಕೊಟ್ಟರು. "ಅಕ್ಕ, ನಿಂಗೆ ಯಾರೋ ಮದ್ದು ಹಾಕ್ಯಾರೆ." ಯಾರೋ ಎನ್ನುವಾಗ ಅವರು ನನ್ನನ್ನು ನೋಡಲಿಲ್ಲ, ನಾನು ಹಿಡಿದಿದ್ದ ಚಹಾದ ಲೋಟವನ್ನು ನೋಡಿದರು. ಆ ಚಹಾ ಹಾಗೇ ಆರಿಹೋಯಿತು.

ಗಂಡನಿಗೆ ಹೇಳಿದೆ. "ನೋಡೋಣ" ಎಂದರು. ಅವರ ಬಾಯಲ್ಲಿ ನೋಡೋಣ ಎಂದರೆ ಕಣ್ಣು ಮುಚ್ಚಿಕೊಳ್ಳೋಣ ಎಂದು ಅರ್ಥ. ಅತ್ತೆ ತಂಗಿಯ ಮಾತಿಗೆ ಹೌದೆನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ನನಗೆ ಎಲ್ಲಕ್ಕಿಂತ ಹೆಚ್ಚು ನೋವಾದದ್ದು ಅದರಿಂದಲೇ. ಇಷ್ಟು ವರ್ಷ ನನ್ನ ಕೈಯ ಅನ್ನ ಉಂಡವರು "ಅವಳು ಅಂಥೋಳಲ್ಲ" ಎಂದು ಒಂದು ಮಾತು ಆಡಬಹುದಿತ್ತು. ಮಾತು ಮನೆಯಿಂದ ಓಣಿಗೆ ಹೋಗಲು ತಡವಾಗಲಿಲ್ಲ. ನಾನು ಕೊಟ್ಟ ಒಗ್ಗರಣೆ ಮಂಡಕ್ಕಿಯನ್ನು ಪಕ್ಕದ ಮನೆಯವರು "ಮನೇಲಿ ತಿಂತೀನಿ" ಎಂದು ಪೇಪರಿನಲ್ಲಿ ಕಟ್ಟಿಕೊಂಡು ಹೋದರು. ಅದು ಯಾರ ಹಸುವಿಗೆ ಹೋಯಿತೋ.

ಸಿಟ್ಟು ಬಂದರೆ ನನ್ನ ಬುದ್ಧಿ ಹಿಂದೆ ಬೀಳುತ್ತದೆ. ಆಯಿತು, ತೆಗೆಸಿಯೇ ಬಿಡೋಣ ಎಂದೆ. ನಮ್ಮ ಕಡೆ, ಮೊಳಕಾಲ್ಮೂರಿನ ಆಚೆಯ ಗಡಿಹಳ್ಳಿಯೊಂದರಲ್ಲಿ, ಬೇರು ಅರೆದು ಕುಡಿಸಿ ಮದ್ದು ಕಕ್ಕಿಸುವ ಮುದುಕನೊಬ್ಬನಿದ್ದ. ಅವನು ಹೇಳಿಕಳಿಸಿದ ಪಥ್ಯ ಒಂದೇ: ಕುಡಿಸುವ ಮುಂಚಿನ ಎರಡು ದಿನ ಇಂಗ್ಲಿಷ್ ಔಷಧಿ ಮುಟ್ಟಬಾರದು. ಕೇಳಿ ಅತ್ತೆಯ ಮುಖ ಸಣ್ಣದಾಯಿತು.

"ನೋವಿನ ಮಾತ್ರೆನೂ ಬ್ಯಾಡ್ವಾ?"

"ಯಾವ್ದೂ ಬ್ಯಾಡ" ಎಂದು ಚಿಕ್ಕತ್ತೆ ಅಕ್ಕನ ಚೀಲದಲ್ಲಿದ್ದ ಔಷಧಿಯನ್ನೆಲ್ಲ ತೆಗೆದು ಚಳ್ಳಕೆರೆಯಲ್ಲೇ ಬಿಟ್ಟರು. ಗಂಡನೂ ಸೇರಿ ನಾವು ನಾಲ್ವರು ಕಾರಿನಲ್ಲಿ ಕೊಂಡ್ಲಹಳ್ಳಿಯ ನನ್ನ ತವರಿಗೆ ಹೋಗಿ ಇಳಿದುಕೊಂಡೆವು.

ಮೊದಲ ದಿನ ಏನೂ ಆಗಲಿಲ್ಲ. ಮರುದಿನ ಬೆಳಿಗ್ಗೆ ಅತ್ತೆಗೆ ಆಕಳಿಕೆ ಶುರುವಾಯಿತು. ಒಂದರ ಹಿಂದೆ ಒಂದು, ದವಡೆ ಕಳಚಿ ಬೀಳುವಷ್ಟು. ಕಣ್ಣಲ್ಲೂ ಮೂಗಲ್ಲೂ ನೀರು. ಬಿಸಿಲಲ್ಲಿ ಕೂರಿಸಿದರೂ ಮೈಯೆಲ್ಲ ಮುಳ್ಳು ಏಳುತ್ತಿತ್ತು. ಹೊಟ್ಟೆ ಕಟ್ಟಿಕೊಂಡಿದ್ದವರಿಗೆ ಭೇದಿ ಹಿಡಿಯಿತು. ಕಾಲನ್ನು ಚಾಚುವರು, ಮಡಚುವರು, ಮತ್ತೆ ಚಾಚುವರು. "ಮೂಳೆ ಒಳಗೆ ಇರುವೆ ಹರಿದಂಗಾಗ್ತೈತೆ ಕಣೇ" ಎಂದು ನನ್ನ ಕೈ ಹಿಡಿದುಕೊಂಡರು. ಅವರ ಮೇಲಿದ್ದ ಸಿಟ್ಟು ಆ ಹೊತ್ತಿಗೆ ನನಗೆ ನೆನಪಿಗೆ ಬರಲಿಲ್ಲ. ಚಿಕ್ಕತ್ತೆಗೆ ಮಾತ್ರ ಸಮಾಧಾನ. "ನೋಡಿದ್ಯಾ, ಕುಡಿಸೋಕೆ ಮುಂಚೇನೇ ಮದ್ದು ಇಳೀತೈತೆ" ಎಂದರು.

ನಮ್ಮವ್ವ ಗಂಜಿ ಕುಡಿಸುತ್ತ, ಕಾಲು ಒತ್ತುತ್ತ ಕೂತಿದ್ದಳು. ನಾನು ನೀರು ಕಾಯಿಸಲು ಒಳಗೆ ಹೋದಾಗ ಹಿಂದೆಯೇ ಬಂದು ಮೆಲ್ಲಗೆ ಹೇಳಿದಳು. "ಇದು ಮಂದು ಬಿಟ್ಟೋರ ಲಕ್ಷಣ ಕಣೇ. ನಿಮ್ಮ ಸೋದರಮಾವ ಬಿಟ್ಟಾಗ ಹಿಂಗೇ ಕಾಲು ಆಡಿಸ್ತಿದ್ದ." ನಮ್ಮವ್ವನ ಮಾತಿನಲ್ಲಿ ಅರ್ಧ ತೆಲುಗು. ತೆಲುಗಿನ ಮಂದು ನಮ್ಮ ಮದ್ದಿನ ಹಾಗೆಯೇ, ಔಷಧಿಯೂ ಹೌದು, ಹೆಂಡವೂ ಹೌದು. ಸೋದರಮಾವ ಬಿಟ್ಟದ್ದು ಎರಡನೆಯದನ್ನು. ವಿಭೂತಿ ಧರಿಸಿದ ಅತ್ತೆಯನ್ನೂ ಹೆಂಡವನ್ನೂ ಒಟ್ಟಿಗೆ ನೆನೆದು ನನಗೆ ನಗು ಬಂತು. "ಸುಮ್ನಿರವ್ವ, ಯಾರಾದ್ರೂ ಕೇಳಿಸ್ಕೊಂಡಾರು" ಎಂದೆ.

ಮರುದಿನ ಮುದುಕ ಬೇರಿನ ರಸ ಕುಡಿಸಿದ. ನಿತ್ರಾಣವಾಗಿದ್ದ ಅತ್ತೆ ಕರುಳು ಬಾಯಿಗೆ ಬರುವಂತೆ ವಾಂತಿ ಮಾಡಿಕೊಂಡರು. ಅದರಲ್ಲಿ ಕಡ್ಡಿಯಿಂದ ಕೆದಕಿ ಅವನು ಏನೋ ಕಪ್ಪನೆಯ ಉಂಡೆ ತೋರಿಸಿದ. ನನಗೆ ಅದು ಹುಣಸೆಹಣ್ಣಿನ ಹಾಗೆ ಕಂಡಿತು. ಚಿಕ್ಕತ್ತೆಗೆ ಅದರಲ್ಲಿ ಕೂದಲೂ ಕಂಡಿತು, ನನ್ನ ಜಡೆಯ ಉದ್ದವೂ ಕಂಡಿತು.

ವಾಪಸು ಬರುವಾಗ ತಳಕಿನಲ್ಲಿ ಕಾರು ನಿಲ್ಲಿಸಿ ಎಂದು ಅತ್ತೆಯೇ ಹೇಳಿದರು. ಗಂಡನೂ ಚಿಕ್ಕತ್ತೆಯೂ ಮಂಡಕ್ಕಿ ಮೆಣಸಿನಕಾಯಿ ತಿನ್ನಲು ಹೋದರು. ಅತ್ತೆ ಎಲೆ ಅಡಿಕೆ ತರುತ್ತೇನೆ ಎಂದು ಇಳಿದರು, ನನ್ನನ್ನು ಬರಬೇಡ ಎಂದರು. ಬಿದ್ದುಬಿಟ್ಟಾರು ಎಂಬ ಹೆದರಿಕೆಗೆ ನಾನು ಸ್ವಲ್ಪ ಹಿಂದೆಯೇ ಹೋದೆ. ಅವರು ಎಲೆಯಂಗಡಿಯನ್ನು ದಾಟಿ ಔಷಧಿ ಅಂಗಡಿಯ ಮುಂದೆ ನಿಂತರು. ಏನೋ ತಗ್ಗಿದ ದನಿಯಲ್ಲಿ ಕೇಳಿದರು. ಪಟ್ಟಿ ಕೈಗೆ ಬಂದದ್ದೇ ಎರಡು ಮಾತ್ರೆ ಕಿತ್ತು ನೀರಿಲ್ಲದೆ ನುಂಗಿ, ಉಳಿದದ್ದನ್ನು ಸಂಚಿಯೊಳಗೆ ತುರುಕಿಕೊಂಡರು. ತಿರುಗಿದಾಗ ನಾನು ನಿಂತಿದ್ದೆ.

ಅತ್ತೆ ಯಾರಿಗೂ ಹೆದರಿದ್ದನ್ನು ನಾನು ಕಂಡಿರಲಿಲ್ಲ. ಅವತ್ತು ನನಗೆ ಹೆದರಿದರು.

ದಾರಿಯಲ್ಲಿ ಅವರ ಆಕಳಿಕೆ ನಿಂತಿತು. ಕಾಲು ಸುಮ್ಮನಾಯಿತು. ಚಳ್ಳಕೆರೆ ಕಾಣುವ ಹೊತ್ತಿಗೆ ಮಗನೊಂದಿಗೆ ಶೇಂಗಾ ದರದ ಮಾತಾಡುತ್ತಿದ್ದರು. ಚಿಕ್ಕತ್ತೆ ಮುಂದಿನ ಸೀಟಿನಿಂದ ತಿರುಗಿ, "ಮದ್ದು ಹೋತು ನೋಡು, ಮುಖಕ್ಕೆ ಹೆಂಗೆ ಕಳೆ ಬಂತು" ಎಂದರು. ನನ್ನ ಬಾಯಲ್ಲಿ ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಸಂಚಿ ಬಿಚ್ಚಿ ತೋರಿಸಿ ಎಂದರೆ ಸಾಕು, ನನ್ನ ಮೇಲಿನ ಅಪವಾದ ಆ ಕಾರಿನಲ್ಲೇ ಮುಗಿಯುತ್ತಿತ್ತು. ಆದರೆ ಅದರೊಂದಿಗೆ ಅತ್ತೆಯ ತಲೆಯೂ ತಗ್ಗುತ್ತಿತ್ತು. ನಾನು ಕಿಟಕಿಯ ಕಡೆ ತಿರುಗಿ ಕೂತೆ. ಒಳ್ಳೆಯತನದಿಂದ ಎಂದು ಹೇಳಿದರೆ ಸುಳ್ಳಾಗುತ್ತದೆ. ಆ ಕಣ್ಣಿನ ಹೆದರಿಕೆಯನ್ನು ಇನ್ನೊಮ್ಮೆ ನೋಡುವ ಧೈರ್ಯ ನನಗಿರಲಿಲ್ಲ.

ಚಿಕ್ಕತ್ತೆ ಊರಿಗೆ ಹೋದ ಮೇಲೆ ಅತ್ತೆಯ ಎದುರು ಕೂತು ಕೇಳಿದೆ. "ಅತ್ತೆ, ಆ ಮಾತ್ರೆ ಬಿಟ್ರೆ ನಿಮ್ಗೆ ಹಂಗಾಗ್ತೈತೆ ಅಲ್ವಾ? ಅದೇ ಒಂಥರಾ ಚಟ ಆಗೈತೇನೋ."

"ಚಟ ಅಂತೀಯಾ ನಂಗೆ? ಡಾಕ್ಟ್ರು ಕೊಟ್ಟ ಔಷಧಿ ಅದು. ನಾನೇನು ಸಾರಾಯಿ ಅಂಗಡಿ ಮುಂದೆ ನಿಂತಿದ್ನಾ?" ಎಂದು ಎದ್ದು ಹೋದರು. ಆಮೇಲೆ ಬಹಳ ದಿನ ನಮ್ಮಿಬ್ಬರ ನಡುವೆ ಉಪ್ಪು, ಸಾರು, ನೀರು ಎಂಬಷ್ಟೇ ಮಾತು.

ನಾನು ಮನಸ್ಸು ಬಿಚ್ಚಿ ಹೇಳಿಕೊಂಡದ್ದು ಆಪಾ ಹತ್ತಿರ. ಆಪಾ ಎಂದರೆ ಅವರ ಮಾತಿನಲ್ಲಿ ಅಕ್ಕ, ನಾನೂ ಹಾಗೇ ಕರೆಯುತ್ತೇನೆ. ಮಿಲ್ಲಿನ ಎದುರಿಗೆ ಅವರ ಯಜಮಾನರ ಲಾರಿ ಗ್ಯಾರೇಜು. ಮನೆಯಲ್ಲಿ ಉರ್ದು, ನನ್ನ ಜೊತೆ ಕನ್ನಡ. ಓಣಿಯಲ್ಲಿ ನನ್ನ ಕೈಯ ಮಂಡಕ್ಕಿಯನ್ನು ನನ್ನೆದುರೇ ತಿಂದವರು ಆಗ ಅವರೊಬ್ಬರೇ. ನಾನು ಆಕಳಿಕೆಯ ವಿಷಯ ಹೇಳುತ್ತಿದ್ದ ಹಾಗೆ ಅವರು ತಿನ್ನುವುದನ್ನು ನಿಲ್ಲಿಸಿದರು.

"ಮಾತ್ರೆ ಹೆಸರೇನು?" ಎಂದರು. ನಾನು ಕಸದಲ್ಲಿ ಸಿಕ್ಕಿದ್ದ ಖಾಲಿ ಪಟ್ಟಿಯನ್ನು ತೋರಿಸಿದೆ. ಆಪಾ ಅದನ್ನು ಹಿಂದೆಮುಂದೆ ತಿರುಗಿಸಿ ಓದಿದರು. "ಮದ್ದು ಹಾಕ್ಯಾರೆ ಅಂತ ನಿಮ್ಮ ಚಿಕ್ಕತ್ತೆ ಹೇಳಿದ್ದು ಸುಳ್ಳಲ್ಲ ಬೆಹನ್. ಹಾಕಿರೋದು ಇದು. ನಂಗೂ ಹಾಕಿತ್ತು. ನಾನು ಅಮ್ಮನ ಹತ್ರ ಮಾತಾಡ್ತೀನಿ."

ಮಧ್ಯಾಹ್ನ ಮಿಲ್ಲು ನಿಂತಿದ್ದಾಗ ಆಪಾ ನಮ್ಮ ಪಡಸಾಲೆಯ ಚಾಪೆಯ ಮೇಲೆ ಅತ್ತೆಯ ಎದುರು ಕೂತರು. ಅತ್ತೆಗೆ ಅವರ ಮೇಲೆ ಗೌರವ, ಜ್ವರ ಬಂದರೂ ರೋಜಾ ಉಪವಾಸ ಬಿಡದ ಹೆಂಗಸು ಎಂದು. ಆಪಾ ಹೇಳಿದ್ದು ಆ ರೋಜಾದ ಕಥೆಯನ್ನೇ.

"ಸ್ಕೂಟರಿಂದ ಬಿದ್ದು ಬೆನ್ನು ನೋವಾಗಿತ್ತಲ್ಲ ಅಮ್ಮ, ಆಗ ಇದೇ ಮಾತ್ರೆ ತಗೋತಿದ್ದೆ. ಬೆನ್ನು ಸರಿಹೋಯ್ತು, ಇದು ಹೋಗ್ಲಿಲ್ಲ. ರಂಜಾನ್ ಬಂತು. ಹಸಿವು ತಡೀತಿದ್ದೆ, ನೀರಡಿಕೆ ತಡೀತಿದ್ದೆ. ಮಾತ್ರೆ ಇಲ್ದೆ ಸಂಜೆ ತನಕ ತಡಿಯೋಕಾಗ್ಲಿಲ್ಲ. ಮಧ್ಯಾಹ್ನ ಬಾಗ್ಲು ಹಾಕ್ಕೊಂಡು ನುಂಗ್ದೆ. ಸಂಜೆ ಎಲ್ಲರ ಜೊತೆ ಕೂತು ಖರ್ಜೂರ ತಿಂದೆ, ರೋಜಾ ಇದ್ದೋಳ ತರ. ಆ ತಿಂಗಳು ಪೂರ್ತಿ ಹಂಗೇ ಮಾಡ್ದೆ. ಹಬ್ಬದ ದಿನ ಯಜಮಾನ್ರ ಮುಂದೆ ಅತ್ತುಬಿಟ್ಟೆ."

ಅತ್ತೆ ನೆಲ ನೋಡುತ್ತಲೇ ಕೇಳಿದರು. "ಬಿಟ್ಟಾಗ ಆಕಳಿಕೆ ಬರ್ತಿತ್ತಾ?"

"ಬಾಯಿ ಹರಿಯೋ ಅಷ್ಟು."

"ಕಾಲು?"

"ಕಡಿದು ಬಿಸಾಕಿಬಿಡ್ಬೇಕು ಅನ್ಸೋದು."

ಅತ್ತೆ ಸೊಂಟದಿಂದ ಸಂಚಿ ತೆಗೆದು ಚಾಪೆಯ ಮೇಲೆ ಬಿಚ್ಚಿದರು. ಬಾಡಿದ ಎಲೆಗಳ ಕೆಳಗೆ ಮಾತ್ರೆಯ ಪಟ್ಟಿಗಳಿದ್ದವು. ಅಡಿಕೆಗೆ ಜಾಗವೇ ಇರಲಿಲ್ಲ. "ನಂಗೆ ಬಿಡೋಕಾಗ್ತಿಲ್ಲ ಕಣಮ್ಮ" ಎಂದರು. ಆಪಾಗೆ ಹೇಳಿದರೋ ನನಗೆ ಹೇಳಿದರೋ ಗೊತ್ತಿಲ್ಲ. ನಾನು ಅತ್ತೆ ಅಳುವುದನ್ನು ನೋಡಬಾರದೆಂದು ಚಹಾ ಮಾಡಲು ಎದ್ದು ಹೋಗಿ, ಅಲ್ಲಿ ನಾನೇ ಅತ್ತುಬಿಟ್ಟೆ.

ಆಪಾ ತೋರಿಸಿದ್ದು ಚಿತ್ರದುರ್ಗದ ದೊಡ್ಡ ಆಸ್ಪತ್ರೆಯ ಒಂದು ಬಾಗಿಲನ್ನು. ಮೇಲೆ ಮಾನಸಿಕ ರೋಗ ವಿಭಾಗ ಎಂಬ ಬೋರ್ಡು. ಅದನ್ನು ಓದಿದವರೇ ಅತ್ತೆ ಗಿರ್ರನೆ ತಿರುಗಿದರು. "ನಂಗೇನು ಹುಚ್ಚು ಹಿಡಿದೈತಾ?" ಎಂದು ಬಸ್ ಸ್ಟ್ಯಾಂಡಿನ ಕಡೆ ಕೋಲೂರಿ ಹೆಜ್ಜೆ ಹಾಕಿದರು. ಅಷ್ಟು ವೇಗವಾಗಿ ಅವರು ಆಪರೇಷನ್ ಆದಮೇಲೆ ನಡೆದೇ ಇರಲಿಲ್ಲ. ಅವತ್ತು ವಾಪಸು ಬಂದೆವು. ಮುಂದಿನ ವಾರ ಆಪಾ ಜೊತೆಗೆ ಬಂದು ತಾವೇ ಮೊದಲು ಒಳಗೆ ಹೋಗಿ, ಬಾಗಿಲು ಹಿಡಿದುಕೊಂಡು ನಿಂತರು. ಅತ್ತೆಗೆ ಬೇರೆ ದಾರಿ ಉಳಿಯಲಿಲ್ಲ.

ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಅವರ ಗಂಡ ಚಳ್ಳಕೆರೆ ಪಕ್ಕದ ಕುದಾಪುರದ ಕ್ಯಾಂಪಸ್ಸೊಂದರಲ್ಲಿ ವಿಜ್ಞಾನಿ, ತಾವು ಇಲ್ಲಿ. ಎಲ್ಲವನ್ನೂ ಕೇಳಿದರು, ಪಥ್ಯದ ಕಥೆ ಬಂದಾಗ ಪೆನ್ನು ಕೆಳಗಿಟ್ಟರು. "ಇಷ್ಟು ಮಾತ್ರೆ ತಗೊಳ್ತಿದ್ದವರು ಹಾಗೆ ಒಮ್ಮೆಲೇ ನಿಲ್ಲಿಸಬಾರದಮ್ಮಾ. ಜಾಸ್ತಿ ತಗೊಂಡ್ರೂ ಫಿಟ್ಸ್ ಬರಬಹುದು, ಒಮ್ಮೆಲೇ ನಿಲ್ಲಿಸಿದ್ರೂ ತೊಂದರೆ. ಯಾವತ್ತೂ ನಿಮ್ಮಷ್ಟಕ್ಕೆ ನೀವು ಹಾಗೆ ಮಾಡಬೇಡಿ" ಎಂದರು.

"ಇದು ಚಟಾನಾ?" ಎಂದು ಅತ್ತೆ ನೇರವಾಗಿ ಕೇಳಿದರು.

"ಕಾಯಿಲೆ. ಬಿಪಿ, ಶುಗರ್ ತರ. ನಿಮ್ಮ ಮೈಯಲ್ಲೇ ನೋವು ತಗ್ಗಿಸೋ ಶಕ್ತಿ ಒಂದಿಷ್ಟು ಇರುತ್ತೆ. ಹೊರಗಿಂದ ದಿನಾ ಮಾತ್ರೆ ಬರೋಕೆ ಶುರುವಾದ್ರೆ ಅದು ಕೆಲಸ ಕಡಿಮೆ ಮಾಡುತ್ತೆ. ಬರ್ತಾ ಬರ್ತಾ ಅಷ್ಟೇ ಮಾತ್ರೆ ಸಾಲೋದಿಲ್ಲ. ಮಾತ್ರೆ ತಪ್ಪಿದ್ರೆ ಇಲ್ಲದ ನೋವೂ ಬರುತ್ತೆ."

ಅತ್ತೆ ಯೋಚಿಸಿದರು. "ಕೂಲಿಯೋರು ಬಂದ್ಮೇಲೆ ಮನೆಯೋರು ಕೈಕಟ್ಟಿ ಕೂರ್ತಾರಲ್ಲ, ಹಂಗಾ?"

"ಹಂಗೇ" ಎಂದು ಡಾಕ್ಟರು ನಕ್ಕರು. "ಕೂಲಿಯೋರನ್ನ ಒಂದೇ ದಿನ ಕಳಿಸಿದ್ರೆ ಕೆಲಸ ನಿಂತುಹೋಗುತ್ತೆ. ಒಬ್ಬೊಬ್ಬರನ್ನೇ ಕಳಿಸೋಣ."

ಹಾಗೆ ಶುರುವಾಯಿತು. ಮಾತ್ರೆಯನ್ನು ನಿಲ್ಲಿಸಲಿಲ್ಲ, ವಾರಗಟ್ಟಲೆ ಕಾದು ಸ್ವಲ್ಪ ಸ್ವಲ್ಪವೇ ಇಳಿಸಿದರು. ಕಾಲು ಸೆಳೆತಕ್ಕೂ ನಿದ್ದೆಗೂ ಬೇರೆ ಔಷಧಿ ಕೊಟ್ಟರು. ಇದು ಒಗ್ಗದಿದ್ದರೆ ನಾಲಿಗೆಯ ಕೆಳಗೆ ಇಟ್ಟುಕೊಳ್ಳುವ ಇನ್ನೊಂದು ಔಷಧಿಯಿದೆ, ಅದನ್ನು ತಮ್ಮ ಕಣ್ಣೆದುರೇ ಶುರುಮಾಡಬೇಕು, ಹೆದರಬೇಡಿ ಎಂದರು. ಆಪಾ ಬಿಟ್ಟದ್ದು ಅದರಿಂದಲೇ ಎಂದು ಆಮೇಲೆ ತಿಳಿಯಿತು. ಸೊಂಟಕ್ಕೆ ವ್ಯಾಯಾಮ ಹೇಳಿಕೊಡುವವರ ಹತ್ತಿರ ಕಳಿಸಿದರು. ಕೊನೆಗೆ, ಮಾತ್ರೆಯನ್ನು ಮನೆಯಲ್ಲಿ ಬೇರೊಬ್ಬರು ಇಟ್ಟುಕೊಂಡು ಹೊತ್ತಿಗೆ ಸರಿಯಾಗಿ ಕೊಡಬೇಕು, ಯಾರು ಕೊಡುತ್ತೀರಿ ಎಂದು ಕೇಳಿದರು.

"ನನ್ನ ಸೊಸೆ ಕೊಡ್ತಾಳೆ" ಎಂದರು ಅತ್ತೆ.

ಓಣಿಯ ಬಾಯಲ್ಲಿ ನಾನು ಅತ್ತೆಗೆ ಮದ್ದು ಹಾಕಿದವಳು. ಈಗ ಬೆಳಿಗ್ಗೆ ಲಿಂಗಪೂಜೆ ಆದ ಮೇಲೆ, ರಾತ್ರಿ ಊಟವಾದ ಮೇಲೆ, ನಿಜವಾಗಿಯೂ ಹಾಕತೊಡಗಿದೆ. ಅತ್ತೆ ಅಂಗೈ ಚಾಚುತ್ತಿದ್ದರು, ನಾನು ಮಾತ್ರೆ ಇಡುತ್ತಿದ್ದೆ. "ಹಾಕವ್ವ ಮದ್ದು" ಎಂದು ಅವರೇ ತಮಾಷೆ ಮಾಡಿದ ದಿನ ನೀರಿನ ಲೋಟ ಕೊಡುವುದನ್ನೇ ಮರೆತೆ.

ಎಲ್ಲವೂ ಸಲೀಸಾಗಿ ನಡೆಯಿತು ಎಂದರೆ ನಂಬಬೇಡಿ. ಚಳಿಗಾಲದಲ್ಲಿ ಸೊಂಟ ಹಿಡಿದುಕೊಂಡಿತು. ಒಂದು ಮಧ್ಯಾಹ್ನ ನೋಡಿದರೆ ಅತ್ತೆ ಮಿಲ್ಲಿನಲ್ಲಿ ಮೊದಲಿನ ಹಾಗೆ ತೂಕಡಿಸುತ್ತಿದ್ದಾರೆ. ಸೊಪ್ಪು ಮಾರುವವಳ ಕೈಯಲ್ಲಿ ಪಟ್ಟಿ ತರಿಸಿಕೊಂಡಿದ್ದರು. ನಾನು ಕೂಲಿಯವರೆಲ್ಲ ಕೇಳುವ ಹಾಗೆ ಕೂಗಾಡಿದೆ. ಅತ್ತೆ ಉಳಿದ ಪಟ್ಟಿಯನ್ನು ತಾವೇ ನನ್ನ ಕೈಗಿಟ್ಟರು. ಎಲ್ಲ ಮುಗಿಯಿತು ಎಂದುಕೊಂಡು ಚಿತ್ರದುರ್ಗಕ್ಕೆ ಕರೆದುಕೊಂಡು ಹೋದರೆ ಡಾಕ್ಟರು ನನ್ನನ್ನೇ ಕೇಳಿದರು. "ಬಿಪಿ ಏರಿದ್ರೆ ಹೀಗೆ ಬೈತೀರಾ? ಔಷಧಿ ಸರಿಮಾಡಿಸ್ತೀರಿ ತಾನೆ? ಇದೂ ಹಾಗೇ. ಬಿಡೋರು ಜಾರ್ತಾರೆ, ಮತ್ತೆ ಏಳ್ತಾರೆ. ಬಂದು ಹೇಳಿದ್ರಲ್ಲ, ಅದೇ ದೊಡ್ಡದು." ಒಂದು ಮೆಟ್ಟಿಲು ಹಿಂದೆ ಹೋಗಿ ಮತ್ತೆ ಇಳಿಸುತ್ತ ಬಂದರು. ಗಂಡನಿಗೂ ಅವತ್ತೇ ಎಲ್ಲ ಹೇಳಿದೆವು. ಅವರು ನೋಡೋಣ ಎನ್ನಲಿಲ್ಲ. ಊರಿನ ಔಷಧಿ ಅಂಗಡಿಗಳಿಗೆ ತಾವೇ ಹೋಗಿ ತಮ್ಮ ತಾಯಿಗೆ ಇನ್ನು ಕೊಡಬೇಡಿ ಎಂದು ಕೇಳಿಕೊಂಡು ಬಂದರು.

ಮುಂದಿನ ಸುಗ್ಗಿಯ ಹೊತ್ತಿಗೆ ಆ ಮಾತ್ರೆ ಪೂರ್ತಿ ನಿಂತಿತು. ಸೊಂಟದ ನೋವು ಪೂರ್ತಿ ಹೋಗಲಿಲ್ಲ. ಬೆಳಿಗ್ಗೆ ಏಳುವಾಗ ಈಗಲೂ ಗೋಡೆ ಹಿಡಿಯುತ್ತಾರೆ, ಬಿಸಿನೀರಿನ ಚೀಲ ಇಟ್ಟುಕೊಳ್ಳುತ್ತಾರೆ, ಹೇಳಿಕೊಟ್ಟ ವ್ಯಾಯಾಮವನ್ನು ಬೈದುಕೊಂಡೇ ಮಾಡುತ್ತಾರೆ. ಆದರೆ ಮುದ್ದೆ ಮತ್ತೆ ಮುದ್ದೆಯಷ್ಟಾಯಿತು. ಒಂದು ದಿನ ಮಿಲ್ಲಿನಿಂದ ಅವರ ದನಿ ಅಡುಗೆಮನೆಯವರೆಗೆ ಕೇಳಿಸಿತು. ಯಾರೋ ಹಸಿ ಶೇಂಗಾ ಬೆರೆಸಿ ತಂದಿದ್ದರು. ಒಂದು ಬೀಜ ಕಡಿದು ಉಗಿದು, ಲಾರಿಯನ್ನು ತಿರುಗಿಸಿ ಕಳಿಸುತ್ತಿದ್ದರು. ಆ ಬೈಗುಳ ಕೇಳಿ ನನಗೆ ಎಷ್ಟು ಸಂತೋಷವಾಯಿತೆಂದರೆ ಒಲೆಯ ಮೇಲಿನ ಹಾಲು ಉಕ್ಕಿತು.

ನನ್ನ ಹೆಸರು ಮಾತ್ರ ಹಾಗೇ ಇತ್ತು. ಅತ್ತೆ ಹುಷಾರಾದಷ್ಟೂ ಮದ್ದು ತೆಗೆಸಿದ್ದು ಸಾರ್ಥಕವಾಯಿತು ಎಂಬ ಮಾತು ಗಟ್ಟಿಯಾಯಿತು. ತೆಗೆಸಿದ್ದು ನಿಜವಾದರೆ ಹಾಕಿದವಳೊಬ್ಬಳು ಇರಲೇಬೇಕಲ್ಲ. ನಾನು ಬಾಯಿ ಬಿಡಲಿಲ್ಲ. ಅದು ನಾನು ಹೇಳುವ ಮಾತಲ್ಲ ಎಂದು ಗಟ್ಟಿಮಾಡಿಕೊಂಡಿದ್ದೆ. ಸಿಟ್ಟು ಮಾತ್ರ ಇಳಿದಿರಲಿಲ್ಲ.

ನಾದಿನಿಯ ಮಗಳಿಗೆ ಮಗುವಾಗಿ, ನಮ್ಮ ಮನೆಯಲ್ಲೇ ತೊಟ್ಟಿಲು ಹಾಕುವ ಕಾರ್ಯ ಇಟ್ಟುಕೊಂಡಿದ್ದೆವು. ಹೆಂಗಸರೆಲ್ಲ ಪಡಸಾಲೆಯಲ್ಲಿ ಎಲೆ ಹಾಕಿಕೊಂಡು ಊಟಕ್ಕೆ ಕೂತಿದ್ದರು, ನಾನು ಹೋಳಿಗೆ ಬಡಿಸುತ್ತಿದ್ದೆ. ಚಿಕ್ಕತ್ತೆ ನಡುವೆ ಕೂತು ಗಡಿಹಳ್ಳಿಯ ಮುದುಕನ ಕಥೆ ತೆಗೆದರು. ಉಂಡೆ ಈಗ ಅಡಿಕೆಯ ಗಾತ್ರದಿಂದ ಮೂಸಂಬಿಯ ಗಾತ್ರಕ್ಕೆ ಬೆಳೆದಿತ್ತು. "ಯಾರು ಹಾಕಿದ್ರು ಅಂತ ನಾವು ಕೇಳೋಕೆ ಹೋಗ್ಲಿಲ್ಲಮ್ಮ, ಮನೆ ಮಾತು" ಎಂದು ನನ್ನ ಕೈಯ ತಟ್ಟೆ ನೋಡಿದರು. ಸಾಲಿನಲ್ಲಿ ಒಬ್ಬಾಕೆ ಹೋಳಿಗೆ ಬೇಡ ಎಂದು ಎಲೆಯ ಮೇಲೆ ಕೈ ಅಡ್ಡ ಹಿಡಿದರು.

ಅತ್ತೆ ಅದನ್ನು ನೋಡಿದರು. ತುತ್ತನ್ನು ಎಲೆಯಲ್ಲಿ ಇಟ್ಟರು.

"ಮದ್ದು ಹಾಕಿದ್ದು ನಿಜ" ಎಂದರು. ದನಿ ಮಿಲ್ಲಿನ ದನಿ, ಪಡಸಾಲೆ ಪೂರ್ತಿ ಕೇಳಿಸಿತು. "ಯಾರು ಅಂತ ನೀನು ಕೇಳ್ಲಿಲ್ಲ, ನಾನೇ ಹೇಳ್ತೀನಿ ಕೇಳು. ನಾನೇ ಹಾಕ್ಕೊಂಡೆ. ನೋವಿನ ಮಾತ್ರೆ. ಡಾಕ್ಟ್ರು ಸ್ವಲ್ಪ ದಿನಕ್ಕೆ ಕೊಟ್ಟಿದ್ದು, ನಾನು ಬಿಡ್ಲಿಲ್ಲ. ಮುದುಕ ತೆಗೆದಿದ್ದು ಏನೂ ಇಲ್ಲ, ವಾಪಸ್ ಬರ್ತಾ ತಳಕಿನಾಗೆ ಎರಡು ನುಂಗಿದ್ದೆ, ಅದಕ್ಕೇ ಕಳೆ ಬಂದಿದ್ದು. ನಂಗೆ ಚಟ ಹತ್ತಿತ್ತು. ಡಾಕ್ಟ್ರಮ್ಮ ಕಾಯಿಲೆ ಅಂತಾರೆ, ಅದೂ ಸರಿ. ಇವಳಿಗೆ ಅವತ್ತೇ ಗೊತ್ತಾಗಿತ್ತು. ಊರೆಲ್ಲ ಇವಳ ಮೇಲೆ ಹೇಳ್ತಿದ್ರೂ ನನ್ನ ಮಾನಕ್ಕೆ ಅಂತ ಬಾಯಿ ಮುಚ್ಕೊಂಡಿದ್ಲು. ದುರ್ಗಕ್ಕೆ ಕರ್ಕೊಂಡು ಹೋಗಿ ಬಿಡಿಸಿದ್ದು ಇವಳು. ಹಾಕವ್ವ, ನಂಗೆ ಇನ್ನೊಂದು ಹೋಳಿಗೆ ಹಾಕು."

ನಾನು ಹಾಕಿದೆ. ತುಪ್ಪ ಎಲೆಯ ಆಚೆ ಬಿತ್ತು. ಇಷ್ಟು ದಿನ ಒಳಗೆ ಹಿಡಿದಿಟ್ಟಿದ್ದ ಸಿಟ್ಟು ಎಲ್ಲಿಗೆ ಹೋಯಿತೋ ತಿಳಿಯಲಿಲ್ಲ. ಅತ್ತೆಯ ಬಾಯಲ್ಲಿ ಚಟ ಎಂಬ ಮಾತು, ಅದೂ ತಮ್ಮ ಬಗ್ಗೆ, ನೆಂಟರ ಸಾಲಿನ ಮುಂದೆ. ನನ್ನ ಹೆಸರನ್ನು ನನಗೆ ವಾಪಸು ಕೊಡಲು ಅವರು ತಮ್ಮ ದೊಡ್ಡ ಅಭಿಮಾನವನ್ನೇ ಬಿಟ್ಟುಕೊಟ್ಟಿದ್ದರು. ಚಿಕ್ಕತ್ತೆ ಉಪ್ಪಿನಕಾಯಿಯನ್ನು ಬಹಳ ಹೊತ್ತು ನೋಡುತ್ತಿದ್ದು, ಕೊನೆಗೆ "ನಂಗೂ ಒಂದು ಹಾಕಮ್ಮ" ಎಂದರು.

ಕೈತೊಳೆಯುವಲ್ಲಿ, ಹೋಳಿಗೆಗೆ ಕೈ ಅಡ್ಡ ಹಿಡಿದಿದ್ದ ಆ ಹೆಂಗಸು ಅತ್ತೆಯ ಪಕ್ಕ ಬಂದು ನಿಂತರು. ದೂರದ ನೆಂಟರು, ನಮಗೆ ಅಷ್ಟು ಬಳಕೆಯಿಲ್ಲ. ನಲ್ಲಿ ಹರಿಯುತ್ತಲೇ ಇತ್ತು, ಅವರು ಕೈ ತೊಳೆಯುತ್ತಿರಲಿಲ್ಲ.

"ನಮ್ಮ ಯಜಮಾನ್ರಿಗೂ ಬೆನ್ನು ನೋವಿಗೆ ಅಂತ ಶುರುವಾಗಿದ್ದು" ಎಂದರು. "ಈಗ ಮಾತ್ರೆ ಸಿಗ್ದಿದ್ರೆ ಮನುಷ್ಯನೇ ಅಲ್ಲ. ದುರ್ಗದಾಗೆ ಅದು ಎಲ್ಲೈತ್ರಿ?"

ಅತ್ತೆ ನಲ್ಲಿ ನಿಲ್ಲಿಸಿದರು. "ಎಲ್ಲೈತೆ ಅಂತ ಹೇಳಿದ್ರೆ ನೀವು ಆ ಬೋರ್ಡ್ ನೋಡಿ ವಾಪಸ್ ಬರ್ತೀರಿ. ಸೋಮವಾರ ಕರ್ಕೊಂಡು ಬನ್ನಿ, ನಾನೇ ಜೊತೆಗೆ ಬರ್ತೀನಿ."

ಸೋಮವಾರ ಬೆಳಿಗ್ಗೆ ಅವರಿಬ್ಬರೂ ನಮ್ಮ ಗೇಟಿನ ಹತ್ತಿರ ನಿಂತಿದ್ದರು. ಅತ್ತೆ ಹಣೆಗೆ ವಿಭೂತಿ ಧರಿಸಿ, ಕೋಲು ತೆಗೆದುಕೊಂಡು ಹೊರಟರು.